ಮಾರದ ಬಾಂಡು, ಮಾರಿದ ಕುರಿ

ಬೆಳಗಾವಿಯ ಟಿಳಕವಾಡಿ ಎರಡನೇ ರೈಲ್ವೆ ಗೇಟಿನ ಹತ್ತಿರದ ಆ ಮನೆಯಲ್ಲಿ ಸೊಸೆ ಮನಿಷಾ ದುಡ್ಡಿನ ಮಾತು ಆಡುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಅವಳ ನೌಕರಿ ಇದ್ದದ್ದೇ ಷೇರು, ಬಾಂಡುಗಳ ಆಫೀಸಿನಲ್ಲಿ. ಎಲ್ಲಿ ಹಣ ಹಾಕಬೇಕು, ಎಷ್ಟು ವರ್ಷಕ್ಕೆ ಹಾಕಬೇಕು ಎಂದು ಊರ ಮಂದಿಗೆಲ್ಲ ತಿಳಿಸಿ ಹೇಳುವವಳು ಮನೆಗೆ ಬಂದರೆ ಮೂಕಿ. ಪಗಾರವಾದ ದಿನ ದುಡ್ಡು ತಂದು ಅತ್ತೆ ಸಾತವ್ವನ ಕೈಗೆ ಕೊಡುವಳು. ಮಾವ ರಾಮಲಿಂಗ ಏನಾದರೂ ಕೇಳಿದರೆ, "ನನಗ ತಿಳ್ಯೂದಿಲ್ರಿ ಮಾವಾರ" ಎಂದು ರೊಟ್ಟಿ ಬಡಿಯುತ್ತಲೇ ಇರುವಳು.

ಜೂನ್ ತಿಂಗಳ ಒಂದು ಬೆಳಿಗ್ಗೆ ಪಕ್ಕದ ಮನೆಯ ಕುಂದಾಬಾಯಿ ಚಹಾದ ಹೊತ್ತಿಗೆ ಸರಿಯಾಗಿ ಬಂದು ಅಡುಗೆ ಮನೆಯ ಬಾಗಿಲಲ್ಲಿ ಕುಳಿತರು.

"ಕೇಳಿದ್ರ್ಯಾ ಸಾತವ್ವಾ, ಬ್ಯಾಂಕಿನವ್ರು ಮತ್ತ ಬಡ್ಡಿ ಇಳಸ್ಯಾರ. ನಮ್ಮ ಯಜಮಾನ್ರ ಡಿಪಾಜಿಟ್ ಮುಗದಿತ್ತು, ತಿರಗಿ ಇಡಾಕ ಹೋದ್ರ ಮೊದಲಿನಷ್ಟ ಕೊಡೂದಿಲ್ಲಂತ. ಅಯ್ಯ ದೇವರ, ಗುಳಿಗಿ ರೇಟ್ ಏನರ ಇಳದಾವೇನು, ಬಡ್ಡಿ ಇಳಸಾಕ?"

"ಬ್ಯಾಂಕಿನವ್ರು ಅಲ್ರಿ, ರಿಸರ್ವ್ ಬ್ಯಾಂಕ್ ಇಳಸೇತಿ," ಎಂದ ರಾಮಲಿಂಗ ಪೇಪರಿನಿಂದ ತಲೆ ಎತ್ತಿ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ಕೂಗಿ ಅವನ ದನಿ ಮನೆಯೊಳಗೂ ದೊಡ್ಡದೇ. "ಈ ವರ್ಷದಾಗ ಮೂರನೇ ಸಲ. ಈ ಸಲ ನೂರಕ್ಕ ಅರ್ಧ ಟಕ್ಕೆ." ಆಮೇಲೆ ಏನೋ ನೆನಪಾಗಿ ಸೊಸೆಯ ಕಡೆ ತಿರುಗಿದ. "ಹಂಗಾದ್ರ ನಮ್ಮ ಸರಕಾರಿ ಬಾಂಡಿನ ಬಡ್ಡಿನೂ ಇಳೀತೇನು?"

"ಇಲ್ರಿ."

"ಯಾಕ?"

"ಅದಕ್ಕ ಹತ್ತ ವರ್ಷದ ಕರಾರ ಐತಿ. ನೂರಕ್ಕ ಆರೂವರಿ ಅಂದ್ರ ಆರೂವರಿನ."

"ಹಂಗಾರ ಅದನ್ನ ನನಗರ ಕೊಡ್ರೆವಾ!" ಎಂದು ಕುಂದಾಬಾಯಿ ನಕ್ಕರು. "ನೂರಕ್ಕ ನೂರು ರೋಖ ಕೊಡ್ತೀನಿ."

"ನೂರಕ್ಕ ಬರೂದಿಲ್ರಿ ಕಾಕು. ಈಗ ಅದರ ಬೆಲಿ ನೂರಾ ಎರಡು."

ಮಾತು ಬಾಯಿ ತಪ್ಪಿ ಬಂದಿತ್ತು. ಮನಿಷಾ ತಕ್ಷಣ ಒಲೆಯ ಕಡೆ ತಿರುಗಿದಳು. ಆದರೆ ಕುಂದಾಬಾಯಿ ಬಿಡುವ ಹೆಂಗಸಲ್ಲ.

"ನೂರರ ಕಾಗದಕ್ಕ ನೂರಾ ಎರಡು ಯಾಕ ಕೊಡಬೇಕು? ಅದೇನ ಮಲ್ಲಿಗಿ ಹೂವಿನ ಮಾಲಿನ?"

"ಈಗ ಹೊಸಾದು ತಗೊಂಡ್ರ ಆರರ ಮ್ಯಾಲ ಚಿಲ್ಲರ ಸಿಗತೈತ್ರಿ. ಇದು ಆರೂವರಿ ಕೊಡತೈತಿ. ಸಂತ್ಯಾಗ ನಿಂತ ಎಲ್ಲಾ ಎಮ್ಮಿ ಹಾಲ ಕಡಿಮಿ ಮಾಡಿದಾಗ ಒಂದ ಎಮ್ಮಿ ಮೊದಲಿನಷ್ಟ ಹಿಂಡಿದ್ರ, ಅದರ ರೇಟ್ ಏರೂದಿಲ್ಲೇನ್ರಿ? ಬಡ್ಡಿ ಇಳದಂಗ ಹಳೇ ಬಾಂಡಿನ ಬೆಲಿ ಏರತೈತಿ. ಬಡ್ಡಿ ಏರಿದ್ರ ಹಳೇದರ ಬೆಲಿ ಇಳೀತೈತಿ. ಅಷ್ಟ."

ರಾಮಲಿಂಗ ಪೇಪರು ಮಡಿಚಿಟ್ಟ. "ಅಂದ್ರ ಹೋಗಿದ್ದ ರೊಕ್ಕಾ ತಿರಗಿ ಬಂತೇನು?"

"ಎಲ್ಲೂ ಹೋಗಿರಲಿಲ್ರಿ, ಮಾವಾರ," ಎಂದಳು ಮನಿಷಾ. ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೊರಟುಹೋದಳು.

ಇದರ ಹಿಂದಿನ ಕಥೆ ಇಷ್ಟು. ರಾಮಲಿಂಗ ನಿವೃತ್ತನಾದಾಗ ಬಂದ ಇಪ್ಪತ್ತು ಲಕ್ಷವನ್ನು ಎಲ್ಲಿಡುವುದೆಂದು ಹೊಸ ಸೊಸೆಯನ್ನೇ ಕೇಳಿದ್ದ. ಅವಳು ಸರಕಾರದ ಹತ್ತು ವರ್ಷದ ಬಾಂಡು ಕೊಡಿಸಿದಳು. ನಡುವೆ ಬೆಲೆ ಏರಿಳಿಯುತ್ತದೆ, ನಾವು ಮಾರದಿದ್ದರೆ ನಷ್ಟವೇನೂ ಇಲ್ಲ, ಹತ್ತು ವರ್ಷಕ್ಕೆ ಹಾಕಿದ ದುಡ್ಡು ಪೂರ್ತಿ ತಿರುಗಿ ಬರುತ್ತದೆ ಎಂದು ಆಗಲೇ ಹೇಳಿದ್ದಳು. ಅವನು ಹೂಂ ಎಂದಿದ್ದ, ಕಿವಿಗೆ ಹಾಕಿಕೊಂಡಿರಲಿಲ್ಲ. ನಾಲ್ಕು ತಿಂಗಳಲ್ಲೇ ರಿಸರ್ವ್ ಬ್ಯಾಂಕು ಬಡ್ಡಿ ಏರಿಸುತ್ತ ಹೋಯಿತು. ಒಂದು ದಿನ ಮೊಬೈಲು ತೆರೆದು ನೋಡಿದರೆ ನೂರರ ಬಾಂಡು ತೊಂಬತ್ತಮೂರಕ್ಕೆ ಇಳಿದಿತ್ತು. ಒಂದು ಲಕ್ಷ ನಲವತ್ತು ಸಾವಿರ ನೀರಿಗೆ ಹೋಯಿತೆಂದು ರಾಮಲಿಂಗ ತಲೆಯ ಮೇಲೆ ಕೈ ಹೊತ್ತು ಕುಳಿತ. ಸೊಸೆ ಏನು ಹೇಳಿದರೂ ಕೇಳಲಿಲ್ಲ. ಮರುದಿನ ಮೊದಲ ಬಸ್ಸಿಗೆ ಖಾನಾಪುರ, ಅಲ್ಲಿಂದ ಸೊಸೆಯ ತವರೂರು ಪಾರಿಶ್ವಾಡ. ಅವಳ ಅಪ್ಪ ಸಿದರಾಯ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ಸರದಿಯಲ್ಲಿ ನಿಂತಿದ್ದ. ಅಲ್ಲೇ, ಇಡೀ ಸರದಿಗೆ ಕೇಳುವಂತೆ, "ನಿಮ್ಮ ಮಗಳು ನಮ್ಮ ಮನಿ ಮುಳಗಿಸ್ಯಾಳ ಬೀಗ್ರ, ಇಂಥಾಕಿನ್ನ ಕಟ್ಟೀರಲ್ಲ ನಮ್ಮ ಕೊರಳಿಗೆ!" ಎಂದು ಕೂಗಿಬಿಟ್ಟ.

ಸಿದರಾಯ ಒಂದು ಮಾತೂ ತಿರುಗಿ ಆಡಲಿಲ್ಲ. ವಾರದೊಳಗೆ ಕುರಿ ಮಾರಿ, ಆ ಒಂದು ಲಕ್ಷ ನಲವತ್ತು ಸಾವಿರವನ್ನೂ ಟಿಳಕವಾಡಿಗೆ ತಂದು ಬೀಗರ ಮುಂದಿಟ್ಟ. ಮನಿಷಾ ಅತ್ತು ಬೇಡವೆಂದಳು. "ಹೆಣ್ಣ ಕೊಟ್ಟ ಮನಿಗೆ ನಮ್ಮ ಕಡಿಂದ ಕುಂದ ಬರಬಾರದವಾ" ಎಂದು ಅವನು ಚಹಾ ಕುಡಿದು ಎದ್ದು ಹೋದ. ರಾಮಲಿಂಗ ದುಡ್ಡು ತೆಗೆದುಕೊಂಡ. ಬಾಂಡಿನ ಬಡ್ಡಿ ಮಾತ್ರ ಆರು ತಿಂಗಳಿಗೊಮ್ಮೆ ಒಂದು ಪೈಸೆ ತಪ್ಪದೆ ಬರುತ್ತಲೇ ಇತ್ತು. ಅದರಲ್ಲೇ ಅವನ ಬಿಪಿ ಗುಳಿಗೆ, ಸಾತವ್ವನ ಕನ್ನಡಕ, ಮನೆಯ ಕರೆಂಟು ಬಿಲ್ಲು.

ಆ ಸಂಜೆ ರಾಮಲಿಂಗ ಪೇಢೆ ತಂದ. ಕುಂದಾಬಾಯಿಯ ಮನೆಗೆ ಕೊಟ್ಟ, ಎದುರಿನ ಅಂಗಡಿಯವನಿಗೆ ಕೊಟ್ಟ. "ಸರಕಾರದ ಕಾಗದ ಅಂದ್ರ ಮುಳಗತೈತೇನ್ರಿ? ನನಗ ಮೊದಲ ಗೊತ್ತಿತ್ತು" ಎಂದು ಎಲ್ಲರಿಗೂ ಹೇಳಿದ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. ಮಗ ಬಾಳೇಶ ಉದ್ಯಮಬಾಗಿನ ಫೌಂಡ್ರಿಯಿಂದ ಆಗಷ್ಟೇ ಬಂದು ಕೈಕಾಲು ತೊಳೆದು ಕೂತಿದ್ದ. ಮನಿಷಾ ಎಲ್ಲರಿಗೂ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು.

"ಒಂದ ಪೇಢೆ ತಿನ್ನ ಮನಿಷಾ. ನಿಂದ ಬಾಂಡ್ ಗೆದ್ದೈತಿ ಇವತ್ತ," ಎಂದ ರಾಮಲಿಂಗ.

"ಬ್ಯಾಡ್ರಿ. ಹಲ್ಲ ನೋಯ್ತಾವು."

ಸಾತವ್ವ ಪೇಢೆಯ ಡಬ್ಬಿಯ ಮುಚ್ಚಳ ಹಾಕಿದಳು. "ಅಲ್ರೀ, ಒಂದ ಮಾತ ಕೇಳ್ತೀನಿ. ಲುಕ್ಸಾನ ಆಗಿರಲೇ ಇಲ್ಲ ಅಂದ್ರ, ಬೀಗರ ಕುರಿ ಎದಕ್ಕ ಹೋದೂವು?"

ರಾಮಲಿಂಗ ರೊಟ್ಟಿಯ ತುತ್ತನ್ನು ತಾಟಿಗೆ ಇಟ್ಟ.

"ಆಗ ಇಳದಿತ್ತಲ್ಲ. ಕಣ್ಣಾರೆ ನೋಡೀನಿ ನಾ."

"ಇಳದಿತ್ತು. ನೀವು ಮಾರಿದ್ರ್ಯಾ?"

"ಇಲ್ಲ."

"ಬಡ್ಡಿ ನಿಂತಿತ್ತೇನು?"

"ಇಲ್ಲ."

"ಹಂಗಾರ ಬೀಗರ ಕಡಿಂದ ತಗೊಂಡ ರೊಕ್ಕಾ ಯಾ ಲುಕ್ಸಾನದ್ದು?"

"ನಾ ಕೇಳಿದ್ನೇನು? ಅವರ ತಂದ ಇಟ್ರು!"

"ಹಾಲಿನ ಡೇರಿ ಮುಂದ ನಿಂತ ಬಸ್ ಕೂಗಿದಂಗ ಕೂಗಿ ಬಂದ್ರಲ್ಲ, ಕೇಳೂದಂದ್ರ ಮತ್ತ ಹೆಂಗಿರತೈತಿ?"

"ಅವ್ವಾ, ಊಟದ ಹೊತ್ತಿನ್ಯಾಗ ಯಾಕ ಇದು," ಎಂದ ಬಾಳೇಶ.

ಸಾತವ್ವ ಮಗನ ಕಡೆ ತಿರುಗಿದಳು. "ನೀ ಬಾಯಿ ಮುಚ್ಚು. ಆ ರೊಕ್ಕದಾಗ ಗಾಡಿ ತಗೊಂಡಾಂವ ನೀ. ದಿನಾ ಮುಂಜಾನಿ ನೀ ಹತ್ತಿ ಹೋಗೂದು ಗಾಡಿ ಅಲ್ಲ, ನಿಮ್ಮ ಮಾವನ ಕುರಿ."

ಬಾಳೇಶ ತಲೆ ತಗ್ಗಿಸಿದ. ಮೆಲ್ಲಗೆ, "ಅಪ್ಪಾ ಕೊಡಸಿದ, ತಗೊಂಡ್ನಿ. ನಾ ಏನ್ ಮಾಡಬೇಕಿತ್ತು?" ಎಂದ.

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಮನಿಷಾ, "ನಿಮಗ ಆವತ್ತ ಬಾಯಿ ಇರಲಿಲ್ಲೇನ್ರಿ?" ಎಂದಳು. "ಮಾರದ ಬಾಂಡಿಗೆ ಲುಕ್ಸಾನ ಇಲ್ಲಾ ಅಂತ ನಿಮಗ ಹೇಳಿದ್ನಿ. ತಿಳೀತು, ಅಪ್ಪಗ ಹೇಳ್ತೀನಿ ಅಂದ್ರಿ. ಹೇಳಿದ್ರ್ಯಾ?"

ಅಪ್ಪನ ಸಿಟ್ಟಿಗೆ ಹೆದರಿ ಬಾಳೇಶ ಹೇಳಿರಲಿಲ್ಲ. ಆಮೇಲೆ ಗಾಡಿ ಬಂದ ಮೇಲೆ ಹೇಳುವ ಮನಸ್ಸೂ ಆಗಿರಲಿಲ್ಲ. ಅವನು ತಾಟಿನಲ್ಲೇ ಕೈ ತೊಳೆದು ಎದ್ದ. ಆ ರಾತ್ರಿ ಪಲ್ಯ ಉಳಿಯಿತು.

ಮರುದಿನದಿಂದ ಬಾಳೇಶ ಸ್ಕೂಟರು ಮುಟ್ಟಲಿಲ್ಲ. ಮೂರನೇ ಗೇಟಿನವರೆಗೆ ನಡೆದು ಹೋಗಿ ಸಿಟಿ ಬಸ್ಸು ಹಿಡಿದ. "ಗಾಡಿ ಕೆಟ್ಟೈತೇನು?" ಎಂದು ಕುಂದಾಬಾಯಿ ಕೇಳಿದರೆ "ಹೂಂ" ಎಂದ. ರಾಮಲಿಂಗ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತ. ಮೂರು ನಾಲ್ಕು ದಿನ ಕಳೆದ ಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ಮನಿಷಾಳ ತಮ್ಮ ಬೀರೇಶನ ಮೊಬೈಲಿಗೆ ಸ್ವಲ್ಪ ದುಡ್ಡು ಹಾಕುವಂತೆ ಬಾಳೇಶನಿಗೆ ಹೇಳಿದ. ಯಾಕೆ ಏನು ಎಂದು ಹೇಳುವ ಗೊಡವೆಯೂ ಬೇಡ, ಸದ್ದಿಲ್ಲದೆ ಮುಗಿದುಹೋಗಲಿ ಎಂದು. ಚಹಾ ಕುಡಿದು ಲೋಟ ಇಡುವುದರೊಳಗೆ ದುಡ್ಡು ತಿರುಗಿ ಬಂತು. ಹಿಂದೆಯೇ ಬೀರೇಶನ ಫೋನು.

"ಭಾವಾರ, ತಪ್ಪಿ ನನಗ ರೊಕ್ಕಾ ಬಂದಿತ್ತ ನೋಡ್ರಿ. ತಿರಗಿ ಹಾಕೀನಿ."

"ತಪ್ಪಿ ಅಲ್ಲೋ ಬೀರೇಶ. ಅಪ್ಪಾ ಹಾಕಂದ್ರು. ಆ ಕುರಿದು…"

"ನಮ್ಮಪ್ಪಗ ಗೊತ್ತಾದ್ರ ಮೊಬೈಲ್ ಒಲಿಗೆ ಹಾಕ್ತಾನ್ರಿ. ಮಂದಿ ಮುಂದ ಕಸಗೊಂಡದ್ದನ್ನ ಕಳ್ಳರಗತೆ ಕೊಡ್ತಾರೇನು ಅಂತಾನ."

ಫೋನಿನ ದನಿ ದೊಡ್ಡದಿಟ್ಟಿದ್ದರಿಂದ ಆ ಮಾತು ರಾಮಲಿಂಗನಿಗೂ ಕೇಳಿಸಿತು. ಅವನು ಎದ್ದು ಹೋಗಿ ಹಿತ್ತಲಲ್ಲಿ ಸುಮ್ಮನೆ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡ.

ಅದಾದ ವಾರದಲ್ಲಿ ಒಂದು ಸಂಜೆ ಮನಿಷಾ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದಳು. ರಾಮಲಿಂಗ ಬಂದು ಎದುರಿಗೆ ಕೂತು ತಾನೂ ಒಂದು ಕಟ್ಟು ಎತ್ತಿಕೊಂಡ. ಆ ಮನೆಯಲ್ಲಿ ಅವನು ಸೊಪ್ಪು ಬಿಡಿಸಿದ್ದನ್ನು ಯಾರೂ ನೋಡಿರಲಿಲ್ಲ. ಎಲೆಗಿಂತ ಹೆಚ್ಚು ದಂಟು ಬುಟ್ಟಿಗೆ ಬೀಳುತ್ತಿತ್ತು.

"ಮನಿಷಾ, ಒಂದ ಎರಡ ಲಕ್ಷದ ಬಾಂಡ್ ಮಾರಬೇಕಂತೀನಿ. ಎಷ್ಟ ಸಿಗತೈತಿ?"

"ಎರಡ ಲಕ್ಷದ ಮ್ಯಾಲ ನಾಕ ಸಾವಿರ. ಆದ್ರ ಮಾರಿದ್ರ ಅಷ್ಟರ ಬಡ್ಡಿ ಕಡಿಮಿ ಆಗತೈತ್ರಿ. ತಿರಗಿ ಎಲ್ಲೆರ ಹಾಕತೀನಿ ಅಂದ್ರ ಈಗ ಆರೂವರಿ ಸಿಗೂದಿಲ್ಲ. ಬೆಲಿ ಏರೈತಿ ಅಂತ ಖುಷಿ ಆಗೂದು ಖರೇ, ಆದ್ರ ಅದು ಏರಿದ್ದ ಯಾಕಂದ್ರ ಹೊರಗ ಬಡ್ಡಿ ಇಳದೈತಿ ಅಂತ. ಎರಡೂ ಕೈಯಾಗ ಲಾಡು ಇರೂದಿಲ್ಲ."

"ತಿರಗಿ ಹಾಕಾಕಲ್ಲ. ನಿಮ್ಮ ಅಪ್ಪಗ ಕೊಡಾಕ."

ಮನಿಷಾಳ ಕೈ ನಿಂತಿತು. "ನಮ್ಮಪ್ಪಾ ತಗೊಳ್ಳೂದಿಲ್ಲ."

"ನಾ ಹೋಗಿ ಕೊಡ್ತೀನಿ. ಕುರಿ ರೇಟ್ ಈಗ ಏರಿರತೈತಿ, ಅದಕ್ಕ ಹೆಚ್ಚಿಗಿ."

"ಒಂದ ಮಾತ ಹೇಳ್ಲ್ಯಾ ಮಾವಾರ?"

"ಹೇಳು."

"ಆವತ್ತ ನೀವು ನನ್ನ ಬೈದಿದ್ರ ನಾ ಮರತಬಿಡತಿದ್ನಿ. ನಮ್ಮಪ್ಪಾ ಮಾತ ಕೇಳಸಿಕೊಂಡ ಹಾಲಿನ ಕ್ಯಾನ ಹಂಗ ಮನಿಗೆ ತಂದನಂತ. ಆವತ್ತಿನಿಂದ ಅಂವ ಡೇರಿ ಕಡೆ ಹೋಗಿಲ್ಲ. ಹಾಲ ಹಾಕಾಕ ನಮ್ಮವ್ವನ ಹೋಗತಾಳ."

ರಾಮಲಿಂಗ ದಂಟನ್ನು ಎಲೆಯಿಂದ ಬೇರೆ ಮಾಡುತ್ತ ಕೂತೇ ಇದ್ದ. ಕಟ್ಟು ಮುಗಿದ ಮೇಲೆ, "ಮಾರು" ಎಂದ.

ಜುಲೈ ತಿಂಗಳ ಒಂದು ಭಾನುವಾರ ನಾಲ್ವರೂ ಹೊರಟರು. ಸಾತವ್ವ ಬುತ್ತಿ ಕಟ್ಟಿಕೊಂಡಳು; ದೊಡ್ಡ ಮನಸ್ಸಿನ ಕೆಲಸಕ್ಕೆ ಹೋಗುವಾಗಲೂ ಹೊಟ್ಟೆ ಬಿಟ್ಟು ಹೋಗಬಾರದು ಎಂಬುದು ಅವಳ ತತ್ವ. ಖಾನಾಪುರ ಸ್ಟ್ಯಾಂಡಿನಲ್ಲಿ ಹಳೆಯ ಕಂಡಕ್ಟರನೊಬ್ಬ ಗುರುತು ಹಿಡಿದು, "ಏನ್ರಿ ಸಾಹೇಬ್ರ, ಫ್ಯಾಮಿಲಿ ಸಮೇತ ಎಲ್ಲಿಗಿ?" ಎಂದ. ರಾಮಲಿಂಗ ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ಬೀಗರ ಮನಿಗೆ" ಎಂದ.

ಪಾರಿಶ್ವಾಡದ ಮನೆಯಲ್ಲಿ ಮನಿಷಾಳ ಅವ್ವ ಕಾಶವ್ವ ಒಬ್ಬಳೇ ಇದ್ದಳು. ಹಿಂಡಾಗಿ ಬಂದವರನ್ನು ನೋಡಿ ಗಾಬರಿಯಾದಳು. "ಬರ್ರಿ, ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದಳು. ಆ ಗಲಾಟೆಯ ಮೇಲೆ ತವರಿಗೆ ಬಂದಿರದ ಮನಿಷಾ ಚಹಾಕ್ಕೆ ಹಾಲು ತರಲು ಹಿತ್ತಲಿಗೆ ಹೋದವಳು ಬರಿಗೈಯಲ್ಲಿ ಬಂದಳು.

"ಯವ್ವಾ, ಕುರಿದೊಡ್ಡಿ ಯಾಕ ಖಾಲಿ ಐತಿ? ಕಟಗಿ ಒಟ್ಟೀರಿ ಅದರಾಗ."

"ಮೇಯಾಕ ಹೋಗ್ಯಾವ."

"ಹಿಕ್ಕಿ ವಾಸನೀನ ಇಲ್ಲ. ಅರ್ಧಾ ಮಾರಿ ಅರ್ಧಾ ಇಟ್ಟೀನಿ ಅಂದಿದ್ನಲ್ಲ ಅಪ್ಪಾ?"

ಕಾಶವ್ವ ಒಲೆ ಊದುವ ನೆಪ ಮಾಡಿದಳು. "ಮಳಿಗಾಲದಾಗ ಹೆಣ್ಣಕುರಿ ಯಾರ ಕೇಳತಾರ? ಅರ್ಧಕ್ಕ ಅಷ್ಟ ರೊಕ್ಕಾ ಹುಟ್ಟಲಿಲ್ಲ. ಎಲ್ಲಾ ಮಾರಿಬಿಟ್ಟ. ನಿನಗ ಹೇಳಬ್ಯಾಡ ಅಂದಿದ್ದ."

"ಮತ್ತ ಈಗ?"

"ಬೀಡಿ ಊರಿನ ದುಂಡಪ್ಪನ ಕುರಿ ಕಾಯತಾನ. ಪಗಾರಕ್ಕ."

ಮನಿಷಾ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಹೊರಗೆ ಕಂಬಳಿಯ ಮೇಲೆ ಕೂತ ಗಂಡಸರಿಬ್ಬರಿಗೂ ಮಾತು ಕೇಳಿಸಿತ್ತು. ಬಾಳೇಶ ತನ್ನ ಬೂಟು ನೋಡುತ್ತ ಕೂತ. ಹುಟ್ಟಿದಂದಿನಿಂದ ಸ್ವಂತ ಕುರಿಯ ಹಿಂದೆ ನಡೆದವನು ಇನ್ನೊಬ್ಬನ ಕುರಿಯ ಹಿಂದೆ ನಡೆಯುವುದೆಂದರೆ ಏನೆಂದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ರಾಮಲಿಂಗನ ಅಜ್ಜನೂ ಕುರಿ ಕಾಯ್ದವನೇ.

ಬೀರೇಶ ಹೋಗಿ ಅಪ್ಪನನ್ನು ಕರೆತಂದ. ಸಿದರಾಯ ಹೆಗಲ ಮೇಲಿನ ಕಂಬಳಿ ಕೊಡವಿ ಗೂಟಕ್ಕೆ ಹಾಕಿ, ಮಗಳ ಮುಖ ನೋಡಿದ ಕೂಡಲೇ ಅವಳಿಗೆ ವಿಷಯ ಗೊತ್ತಾಗಿದೆ ಎಂದು ತಿಳಿದುಕೊಂಡ. ಅವಳ ಕಡೆ ಮತ್ತೆ ನೋಡಲಿಲ್ಲ.

"ಏನ್ ಬೀಗ್ರ, ಇತ್ತಾಗ? ಆರಾಮ ಅದೀರಿ?"

ರಾಮಲಿಂಗ ಚೀಲದಿಂದ ದುಡ್ಡಿನ ಕಟ್ಟು ತೆಗೆದು ಕಂಬಳಿಯ ಮೇಲಿಟ್ಟ. "ಬೀಗ್ರ, ಬಾಂಡಿನ ಬೆಲಿ ಏರೈತಿ. ನಿಮ್ಮದು ನಿಮಗ ಮುಟ್ಟಿಸಾಕ ಬಂದೀನಿ."

"ಚಲೋ ಆತು. ಏರಲಿ. ಆದ್ರ ಇದನ್ನ ಒಳಗ ಇಟಗೋರ್ರಿ."

"ಯಾಕ್ರಿ?"

"ನಾ ಕೊಟ್ಟದ್ದು ಬಾಂಡ್ ಇಳೀತು ಅಂತ ಅಲ್ರಿ. ಬಾಂಡ್ ಅಂದ್ರ ಏನಂತ ನನಗೇನ ಗೊತ್ತು? ನೀವು ಡೇರಿ ಮುಂದ ಒಂದ ಮಾತ ಅಂದ್ರಿ. ಆ ಮಾತಿಗೆ ಕೊಟ್ಟೀನಿ. ನಿಮ್ಮ ಬಾಂಡ್ ಏರಿತು, ಆ ಮಾತ ಅಲ್ಲೇ ಬಿದ್ದೈತಿ. ಇವತ್ತಿಗೂ ಮಂದಿ, ಮನಿ ಮುಳಗಿಸಿದ ಹುಡಗಿ ಅಪ್ಪಾ ಅಂತ ನೋಡತಾರ ನನ್ನ."

ಬೀರೇಶ ಅಪ್ಪನ ಪರವಾಗಿ ಏನೋ ಹೇಳಹೋದ. ಕಾಶವ್ವ ಕಣ್ಣಲ್ಲೇ ಸುಮ್ಮನಿರಿಸಿದಳು. ಸಾತವ್ವ ಗಂಡನ ಮೊಣಕೈಗೆ ಮೆಲ್ಲಗೆ ತಿವಿದಳು. "ಡೇರಿ ಎಷ್ಟೊತ್ತಿಗೆ ತಗೀತಾರವಾ?" ಎಂದು ಕಾಶವ್ವನನ್ನು ಕೇಳಿದಳು.

"ಈಗ ತಗದಿರತಾರ. ಸಂಜಿ ಹಾಲ ಹಾಕೂ ಹೊತ್ತು."

ರಾಮಲಿಂಗ ಎದ್ದ. ಚಪ್ಪಲಿ ಮೆಟ್ಟುವಾಗ ಎಡದ್ದು ಬಲಕ್ಕೆ ಹಾಕಿಕೊಂಡು ಮತ್ತೆ ಬದಲಿಸಿದ. ಅವನ ಹಿಂದೆ ಬಾಳೇಶ, ಅವನ ಹಿಂದೆ ಹೆಂಗಸರು. ಸಿದರಾಯ ಮಾತ್ರ ಹೊರಡಲಿಲ್ಲ. ಆದರೆ ಅವರು ಓಣಿ ತಿರುಗುವಾಗ ಮನಿಷಾ ಹೊರಳಿ ನೋಡಿದರೆ, ಬಹಳ ದೂರ ಬಿಟ್ಟು ಬರುತ್ತಿದ್ದ.

ಡೇರಿಯ ಮುಂದೆ ಸರದಿ ಇತ್ತು. ಕ್ಯಾನು, ಚೊಂಬು, ಪ್ಲಾಸ್ಟಿಕ್ ಬಕೀಟು. ಹಾಲು ಅಳೆಯುವ ಯಲ್ಲೇಶ ಒಳಗಿನಿಂದಲೇ, "ಬೆಳಗಾಂವಿ ಮಂದಿ ಹಾಲ ಹಾಕಾಕ ಬಂದಾರೇನ್ರಿ? ಎಮ್ಮಿ ಎಲ್ಲೆ ಬಿಟ್ಟ ಬಂದ್ರಿ?" ಎಂದು ನಗೆಯಾಡಿದ. ಸರದಿಯವರು ನಕ್ಕರು.

ರಾಮಲಿಂಗ ಗಂಟಲು ಸರಿಮಾಡಿಕೊಂಡ. ಸಾವಿರ ಮಂದಿಯ ಮುಂದೆ ಮೈಕು ಹಿಡಿದವನಿಗೆ ಹತ್ತಿಪ್ಪತ್ತು ಮಂದಿಯ ಮುಂದೆ ಮಾತು ಬರಲೊಲ್ಲದು.

"ನೋಡ್ರಿ… ರಿಸರ್ವ್ ಬ್ಯಾಂಕ್ ಅಂತ ಇರತೈತಿ. ಅದು ಬಡ್ಡಿ ಏರಿಸಿದ್ರ ಹಳೇ ಬಾಂಡಿನ ಬೆಲಿ ಇಳೀತೈತಿ. ಇಳಸಿದ್ರ ಏರತೈತಿ. ಮೂರ ವರ್ಷದ ಹಿಂದ ಏರಿಸಿತ್ತು. ಅದಕ್ಕ ನಮ್ಮ ಬಾಂಡ್ ಇಳೀತು. ಈ ವರ್ಷ ಇಳಸೇತಿ…"

"ಸಾಹೇಬ್ರ, ಹಾಲ ಕೆಡತಾವ," ಎಂದಳು ಸರದಿಯ ಒಬ್ಬ ಮುದುಕಿ. ಅವಳ ಹೆಸರು ಗಂಗಾದೇವಿ. ಆವತ್ತು ಸಿದರಾಯನ ಹಿಂದೆಯೇ ನಿಂತಿದ್ದವಳು. "ಮನಿ ಮುಳಗತು ಅಂತ ನೀವ ಅಲ್ಲೇನ್ರಿ ಇಲ್ಲೆ ಒದರಿದ್ದು? ಈಗ ಏನಂತೀರಿ? ಆ ಹುಡಗಿದು ತಪ್ಪ ಇತ್ತೋ ಇರಲಿಲ್ಲೋ? ಅಷ್ಟ ಹೇಳ್ರಿ ನಮಗ."

ರಾಮಲಿಂಗ ಸೊಸೆಯ ಕಡೆ ನೋಡಿದ. ಅವಳು ಸೆರಗಿನ ತುದಿ ಹಿಡಿದು ನೆಲ ನೋಡುತ್ತಿದ್ದಳು. ಮೂರು ವರ್ಷ ಅವಳು ಹೀಗೇ ನಿಂತಿದ್ದಳು, ಅವನ ಅಡುಗೆ ಮನೆಯಲ್ಲಿ.

"ಇರಲಿಲ್ಲ," ಎಂದ. ಆಮೇಲೆ ದನಿ ಏರಿಸಿ, ಬಸ್ ಸ್ಟ್ಯಾಂಡಿನ ಕೊನೆಯ ಕಟ್ಟೆಗೂ ಕೇಳುವಂತೆ, "ಇರಲಿಲ್ರಿ. ನಮ್ಮ ಸೊಸಿ ಒಂದ ಪೈಸಾ ಕಳದಿಲ್ಲ. ಅಕಿ ಹೇಳಿದ್ದನ್ನ ನಾ ಕೇಳಲಿಲ್ಲ. ತಿಳೀದ ಬಾಯಿ ಬಿಟ್ನಿ. ಬೀಗರ ಕಡಿಂದ ನಾ ತಗೊಳಬಾರದ ರೊಕ್ಕಾ ತಗೊಂಡ್ನಿ. ತಪ್ಪ ನಂದು," ಎಂದ.

ಗಂಗಾದೇವಿ, "ಹಾಂ. ಇದು ತಿಳೀತು," ಎಂದು ತನ್ನ ಚೊಂಬು ಮುಂದೆ ಮಾಡಿದಳು. "ಹಾಲ ಅಳಿಯಪಾ ಯಲ್ಲೇಶ."

ಬಾಳೇಶ ಅಪ್ಪನ ತೋಳು ಹಿಡಿದುಕೊಂಡ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಸಿದರಾಯ ನಿಂತಿದ್ದ. ಅವರು ಹತ್ತಿರ ಬಂದಾಗ, "ನಡೀರಿ, ಚಾ ಆರಿ ಹೋಗತೈತಿ" ಎಂದಷ್ಟೇ ಹೇಳಿ ಮುಂದೆ ನಡೆದ.

ಮನೆಯಲ್ಲಿ ದುಡ್ಡಿನ ಕಟ್ಟು ಕಂಬಳಿಯ ಮೇಲೆ ಇಟ್ಟಲ್ಲೇ ಇತ್ತು. ಬೀರೇಶ ಅದರ ಕಾವಲಿಗೆ ಕೂತವನಂತೆ ಕೂತಿದ್ದ. ಚಹಾ ಕುಡಿದ ಮೇಲೆ ರಾಮಲಿಂಗ ಅದನ್ನು ಬೀಗನ ಕಡೆ ಸರಿಸಿದ. "ಈಗರ ತಗೋರ್ರಿ."

"ಮಾತ ತಿರಗಿ ತಗೊಂಡ್ರಿ, ಸಾಕು. ನನ್ನ ತಲಿ ಮ್ಯಾಗಿನ ಭಾರ ಇಳೀತು. ರೊಕ್ಕಾ ಒಲ್ಲೆ. ಮಗಳ ಮನಿದು ತಿರಗಿ ತಗೊಂಡ್ರ ನನ್ನ ಮಾನ ಏನ್ ಉಳೀತು?"

"ಇತ್ತಾಗ ಕೊಡ್ರಿ," ಎಂದಳು ಕಾಶವ್ವ.

ಒಲೆಯ ಮುಂದಿನಿಂದ ಎದ್ದು ಬಂದು ಕೈ ಚಾಚಿ ನಿಂತಿದ್ದಳು. ಸಿದರಾಯ ತಿರುಗಿ ನೋಡಿದ. "ಏ, ಒಲ್ಲೆ ಅಂದ್ನಿಲ್ಲ?"

"ನೀ ಒಲ್ಲೆ ಅಂದಿ. ನಾ ಎಲ್ಲೆ ಅಂದೇನಿ?"

"ಮಗಳ ಮನಿ ರೊಕ್ಕಾ ಅದು!"

"ಮಗಳ ಮನಿದಲ್ಲ. ನನ್ನ ಕುರಿದು." ಅವಳ ದನಿ ಏರಲಿಲ್ಲ. "ನಮ್ಮಪ್ಪಾ ಮದವ್ಯಾಗ ನನಗ ಬಳುವಳಿ ಅಂತ ಕುರಿ ಹೊಡಕೊಂಡ ಬಂದ ಕೊಟ್ಟಿದ್ದ. ನಿನ್ನ ಮನ್ಯಾಗ ಆಗ ಒಂದ ಆಡೂ ಇರಲಿಲ್ಲ. ಅವ ಮರಿ ಹಾಕಿ ಹಾಕಿ ಹಿಂಡ ಆದೂವು. ರೋಗ ಬಂದಾಗ ಬಾಯಾಗ ಔಷಧ ಹಾಕ್ದಾಕಿ ನಾ. ಮಾರೂ ದಿನಾ ನನ್ನ ಒಂದ ಮಾತ ಕೇಳಿದ್ಯಾ? ನಾ ಹೊಲದಿಂದ ಬಂದ್ರ ದೊಡ್ಡಿ ಖಾಲಿ. ಕೇಳಿದ್ರ, ಮಾನದ ಪ್ರಶ್ನೆ ಅಂದಿ. ಮಾನ ನಿಂದು, ಕುರಿ ನಂದು ಹೋದೂವು."

ಬೀಗರ ಮುಂದೆ, ಅಳಿಯನ ಮುಂದೆ, ಮಗಳ ಮುಂದೆ ಹೆಂಡತಿ ಹೀಗೆ ಮಾತಾಡಿದ್ದು ಸಿದರಾಯನ ಜನ್ಮದಲ್ಲಿ ಮೊದಲು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮುಖಕ್ಕೆ ರಕ್ತ ಏರಿತು, ಕಿವಿ ಕೆಂಪಾದವು.

"ಬೀಗರು ಮಂದಿ ಮುಂದ ಅಂದ್ರು, ಮಂದಿ ಮುಂದ ಒಪ್ಪಿಕೊಂಡ್ರು," ಎಂದಳು ಕಾಶವ್ವ. "ನೀ ಮಂದಿ ಮುಂದ ಬ್ಯಾಡ. ಮನ್ಯಾಗರ ಒಪ್ಪಿಕೋ."

ರಾಮಲಿಂಗ ಕಟ್ಟನ್ನು ಎತ್ತಿ ಬೀಗತಿಯ ಕೈಗೆ ಕೊಟ್ಟ. ಅವಳು ಅದನ್ನು ಎ‌ಣಿಸಲಿಲ್ಲ. ಸೆರಗಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮನಿಷಾ ಎದ್ದು ಬಂದು ಅವ್ವನ ಪಕ್ಕದಲ್ಲಿ ನಿಂತಳು. ಅಪ್ಪನ ಪರವಾಗಿ ಇಷ್ಟು ವರ್ಷ ಅತ್ತವಳಿಗೆ ಅವ್ವನ ಕುರಿಯ ನೆನಪೇ ಆಗಿರಲಿಲ್ಲ. ಅದು ಈಗ ಹೊಳೆದು ಅವಳೂ ತಲೆ ತಗ್ಗಿಸಿದಳು.

ಹೊರಗೆ ಯಾರೋ ಕೂಗಿದರು. ದುಂಡಪ್ಪನ ಕುರಿ ಹೊಲಕ್ಕೆ ನುಗ್ಗಿದ್ದವು. ಸಿದರಾಯ ಗೂಟದ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡು ಹೊರಟ. ಹೊಸ್ತಿಲ ಹತ್ತಿರ ನಿಂತ. ಬೆನ್ನು ಒಳಗಿನವರ ಕಡೆಗೇ ಇತ್ತು.

"ಕುರಿ ಸಂತಿಗೆ ಯಾ ದಿನಾ ಹೋಗೂಣಂತಿ?" ಎಂದು ಕೇಳಿದ.

ಕೇಳಿದ್ದು ತನ್ನನ್ನೇ ಎಂದು ತಿಳಿಯಲು ಕಾಶವ್ವನಿಗೆ ಸ್ವಲ್ಪ ಹೊತ್ತು ಹಿಡಿಯಿತು.